ಸಾದೃಶ್ಯವೂ ಸಂತತಿಯೂ

ಕಲಬುರಗಿಯ ಜನ ‘ಕಿಲ್ಲಾ’ ಎಂದು ಕರೆಯುವ ಹಳೆಯ ಕೋಟೆಯೊಳಗೆ ಎರಡು ಲೋಕಗಳು ಒಂದನ್ನೊಂದು ಒತ್ತಿಕೊಂಡು ಬಾಳುತ್ತಿವೆ. ಮೊದಲನೆಯದು ಕಲ್ಲಿನ ಲೋಕ: ಅಗಲವಾದ ಕಂದಕ, ಎರಡು ಸುತ್ತಿನ ಗೋಡೆ, ಬಾಲಾ ಹಿಸಾರ್ ಎಂಬ ಭಾರಿಯಾದ ಒಂಟಿ ಕಟ್ಟಡ, ಬುರುಜುಗಳ ಮೇಲೆ ಮಲಗಿರುವ ತೋಪುಗಳು, ಮತ್ತು ಇವೆಲ್ಲಕ್ಕೂ ಕಿರೀಟಪ್ರಾಯವಾಗಿ, ಬಹಮನಿ ದೊರೆ ಒಂದನೆಯ ಮುಹಮ್ಮದ್ ಷಹನ ಆಳ್ವಿಕೆಯಲ್ಲಿ, 1367ರಲ್ಲಿ ಎದ್ದ ಜಾಮಾ ಮಸೀದಿ. 216 ಅಡಿ ಉದ್ದ, 176 ಅಡಿ ಅಗಲದ ಆ ಪ್ರಾರ್ಥನಾಮಂದಿರಕ್ಕೆ, ಅಂಥ ಮಸೀದಿಗಳಲ್ಲಿ ವಾಡಿಕೆಯಾಗಿರುವ ತೆರೆದ ಅಂಗಳವೇ ಇಲ್ಲದೆ, ಇಡೀ ಮೈ ಗುಮ್ಮಟಗಳ ನೆರಳಿನಲ್ಲಿರುವುದು ಭಾರತದ ವಾಸ್ತುಶಿಲ್ಪದಲ್ಲಿ ಅಪರೂಪದ ಸಂಗತಿ. ಎರಡನೆಯದು ಮನುಷ್ಯರ ಲೋಕ: ತಲೆಮಾರುಗಳಿಂದ ಗೋಡೆಗಳ ಒಳಗೇ ಮನೆ ಮಾಡಿಕೊಂಡು, ಅಲ್ಲಿಯೇ ಹೆತ್ತು ಹೊತ್ತು, ಮದುವೆ ಮುಂಜಿಗಳನ್ನು ನಡೆಸಿ, ಸತ್ತವರನ್ನು ಅಲ್ಲಿಂದಲೇ ಕಳುಹಿಸಿಕೊಟ್ಟ ಕುಟುಂಬಗಳು. ಕಾನೂನಿನ ದೃಷ್ಟಿಯಲ್ಲಿ ಮೊದಲನೆಯದು ಸಂರಕ್ಷಿತ ಸ್ಮಾರಕ, ಎರಡನೆಯದು ಅತಿಕ್ರಮಣ. ಇವೆರಡರ ನಡುವಣ ವ್ಯಾಜ್ಯ ನ್ಯಾಯಾಲಯದವರೆಗೂ ಹೋಗಿದೆ. ಅದರ ತೀರ್ಮಾನ ನ್ಯಾಯಾಧೀಶರಿಗೆ ಸೇರಿದ್ದು. ಆದರೆ ಆ ವ್ಯಾಜ್ಯದ ತಳದಲ್ಲಿ ಕಾನೂನಿಗಿಂತ ಹಳೆಯದಾದ ಒಂದು ಪ್ರಶ್ನೆ ಕುಳಿತಿದೆ, ಮತ್ತು ಅದನ್ನು ಪರ್ಯಾಲೋಚಿಸುವ ಹೊಣೆ ನ್ಯಾಯಾಧೀಶರಿಗಷ್ಟೇ ಅಲ್ಲದೆ ಎಲ್ಲರಿಗೂ ಸೇರಿದ್ದು: ಗತಿಸಿದ ಕಾಲವನ್ನು ಕಾಪಾಡುತ್ತೇವೆಂದು ಹೊರಟಾಗ ನಾವು ಕಾಪಾಡುವುದು ಯಾವುದನ್ನು? ಕಾಲದ ದೇಹವನ್ನೋ, ಅದರ ಪ್ರಾಣವನ್ನೋ? ದೇಹವನ್ನು ಉಳಿಸುವ ಸಲುವಾಗಿ ಪ್ರಾಣವನ್ನು ಹೊರಗೆ ಕಳುಹಿಸುವುದು ಧರ್ಮಕ್ಕೆ ಒಪ್ಪಿಗೆಯೆ?

ಯುರೋಪು ಖಂಡ ಈ ಪ್ರಶ್ನೆಯನ್ನು ಎದುರಿಸಿ ಕಂಡುಕೊಂಡ ಒಂದು ಉಪಾಯ ಬಯಲು ವಸ್ತುಸಂಗ್ರಹಾಲಯ. ಯಂತ್ರೋದ್ಯಮದ ರಭಸಕ್ಕೆ ಸಿಕ್ಕಿ ತನ್ನ ನಾಡಿನ ಹಳ್ಳಿಗಳು ಕರಗಿಹೋಗುತ್ತಿರುವುದನ್ನು ಕಂಡು ಮನನೊಂದ ಆರ್ಟುರ್ ಹಾಸೆಲಿಯಸ್ ಎಂಬ ವಿದ್ವಾಂಸ, 1891ರಲ್ಲಿ, ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ, ದೇಶದ ನಾನಾ ಮೂಲೆಗಳ ಮನೆಗಳನ್ನು ಬಿಚ್ಚಿ ತರಿಸಿ, ಒಂದು ಗುಡ್ಡದ ಮೇಲೆ ಮತ್ತೆ ಜೋಡಿಸಿ, ಸ್ಕಾನ್ಸೆನ್ ಎಂಬ ಗ್ರಾಮವನ್ನು ನಿರ್ಮಿಸಿದ. ಆಮೇಲೆ ಈ ಬಗೆಯ ಗ್ರಾಮಗಳು ಅನೇಕ ದೇಶಗಳಲ್ಲಿ ತಲೆಯೆತ್ತಿದವು. ಕೆಲವೆಡೆ ಮನೆಗಳು ನಿಜವಾಗಿ ಹಳೆಯವು. ಕೆಲವೆಡೆ ಭೂಮಿಯಡಿಯಲ್ಲಿ ದೊರೆತ ಅಡಿಪಾಯಗಳ ಆಧಾರದ ಮೇಲೆ ಮಧ್ಯಯುಗದ ಊರನ್ನು ಹೊಸದಾಗಿ ಕಟ್ಟಲಾಗಿದೆ. ಅಲ್ಲಿ ಆ ಕಾಲದ ಉಡುಪನ್ನು ತೊಟ್ಟ ಸಂಬಳದ ನೌಕರರು ಕುಲುಮೆಯೂದುತ್ತಾರೆ, ರೊಟ್ಟಿ ಸುಡುತ್ತಾರೆ, ಸಂಜೆಯಾಗುತ್ತಲೇ ಉಡುಪನ್ನು ಕಳಚಿಟ್ಟು ಮನೆಗೆ ಹೋಗುತ್ತಾರೆ.

ಕನ್ನಡ ನಾಡೂ ಈ ವಿಚಾರದಲ್ಲಿ ಹಿಂದೆ ಬಿದ್ದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ತಮ್ಮ ಆಯುಷ್ಯದ ಉತ್ತರಾರ್ಧವನ್ನೆಲ್ಲ ಧಾರೆಯೆರೆದು ಕಟ್ಟಿದ ಪಾರಂಪರಿಕ ಗ್ರಾಮ ಇಂದಿಗೂ ನೋಡಿದವರನ್ನು ಮೂಕರನ್ನಾಗಿಸುವಂಥದು. ಕುಕನೂರಿನ ಕಮಲ ಮಹಲು, ಮುಧೋಳ ಅರಮನೆಯ ದರ್ಬಾರು ಸಭಾಂಗಣ, ಕರಾವಳಿಯ ಚೌಕಿಮನೆಗಳು, ಒಂದು ವೀರಶೈವ ಜಂಗಮ ಮಠ, ಹೀಗೆ ನೆಲಸಮವಾಗಲಿದ್ದ ಕಟ್ಟಡಗಳನ್ನು ತೊಲೆ ತೊಲೆಯಾಗಿ, ಕಂಬ ಕಂಬವಾಗಿ ಬಿಚ್ಚಿಸಿ ತಂದು, ಮತ್ತೆ ಎತ್ತಿ ನಿಲ್ಲಿಸಿದ ಆ ಸಾಹಸ ಒಬ್ಬ ಮನುಷ್ಯನ ಶ್ರದ್ಧೆಗೆ ಎಷ್ಟು ಬಲವಿದೆಯೆಂಬುದಕ್ಕೆ ನಿದರ್ಶನ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರು ರೂಪಿಸಿದ ಶಿಲ್ಪಗ್ರಾಮದಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬಾಳೇ ಆಳೆತ್ತರದ ಮೂರ್ತಿಗಳಾಗಿ ನಿಂತಿದೆ. ಅಲ್ಲಿಗೆ ದೂರವಲ್ಲದ ಬಾಡ ಗ್ರಾಮದಲ್ಲಿ, ಕನಕದಾಸರ ಹುಟ್ಟೂರೆಂಬ ಗೌರವಕ್ಕಾಗಿ, ಅವರ ಕಾಲದ್ದೆಂದು ಭಾವಿಸಿಕೊಳ್ಳಬಹುದಾದ ಒಂದು ಅರಮನೆಯನ್ನು ಸರ್ಕಾರ ಹೊಸದಾಗಿ ಕಟ್ಟಿಸಿದೆ. ಚೆನ್ನೈ ಸಮೀಪದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರನ ಮನೆಯೊಂದು ಕಡಲ ಗಾಳಿಗೆ ಮೈಯೊಡ್ಡಿ ನಿಂತಿದೆ.

ಈ ಪ್ರಯತ್ನಗಳನ್ನು ಹಗುರವಾಗಿ ಕಾಣುವುದು ಕೃತಘ್ನತೆಯಾದೀತು. ಶೆಣೈಯವರ ಕೈ ಮುಟ್ಟದಿದ್ದರೆ ಆ ತೊಲೆಗಳಲ್ಲಿ ಅನೇಕವು ಕಟ್ಟಿಗೆಯ ಅಡ್ಡೆ ಸೇರುತ್ತಿದ್ದವು. ಆದುದರಿಂದ ಇಂಥ ಗ್ರಾಮಗಳು ಇರಬೇಕೆ ಬೇಡವೆ ಎಂಬುದು ನಮ್ಮ ಚರ್ಚೆಯಲ್ಲ. ಅವು ಏನಾಗಿವೆ, ಏನಾಗಿಲ್ಲ, ಎಲ್ಲಿಯವರೆಗೆ ಅವುಗಳ ಅಧಿಕಾರ, ಎಲ್ಲಿಂದಾಚೆಗೆ ಅದು ಸಲ್ಲದು ಎಂಬುದಷ್ಟೇ ವಿಚಾರಣೀಯ.

ಒಂದು ವಸ್ತು ಮೊದಲಿನದೇ ಹೌದೆಂದು ನಾವು ಯಾವ ಆಧಾರದ ಮೇಲೆ ಹೇಳುತ್ತೇವೆ? ಭಾರತದ ದಾರ್ಶನಿಕರು ಶತಮಾನಗಳ ಕಾಲ ಕಾದಾಡಿದ ಪ್ರಶ್ನೆ ಇದು. ಹಿಂದೆಂದೋ ಕಾಶಿಯಲ್ಲಿ ಕಂಡ ದೇವದತ್ತನನ್ನು ಇಂದು ಬೇರೊಂದೂರಿನಲ್ಲಿ ಕಂಡು ‘ಅವನೇ ಇವನು’ ಎಂದು ಗುರುತಿಸುತ್ತೇವೆ. ಈ ಗುರುತಿಗೆ ಶಾಸ್ತ್ರಕಾರರು ಪ್ರತ್ಯಭಿಜ್ಞೆಯೆಂದು ಹೆಸರಿಟ್ಟರು. ಬೌದ್ಧರು ಆಕ್ಷೇಪಿಸಿದರು: ದೀಪದ ಕುಡಿಯನ್ನು ನೋಡಿ ಸಂಜೆ ಉರಿದದ್ದೇ ಈಗಲೂ ಉರಿಯುತ್ತಿದೆ ಎನ್ನುತ್ತೇವೆ, ವಾಸ್ತವವಾಗಿ ಕ್ಷಣಕ್ಷಣಕ್ಕೂ ಹೊಸ ಕುಡಿ ಹುಟ್ಟುತ್ತಿದೆ, ಇರುವುದು ಸಾದೃಶ್ಯ ಮಾತ್ರ, ಏಕತೆಯಲ್ಲ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇದಕ್ಕೆ ಕೊಟ್ಟ ಉತ್ತರದಲ್ಲಿ ಒಂದು ಸೂಕ್ಷ್ಮವಿದೆ. ಹೊರಗಿನ ವಸ್ತುವಿನ ವಿಷಯದಲ್ಲಿ, ಇದು ಅದೇ ಹೌದೋ ಅಥವಾ ಅದನ್ನು ಹೋಲುವ ಇನ್ನೊಂದೋ ಎಂಬ ಸಂದೇಹ ಒಮ್ಮೊಮ್ಮೆ ಹುಟ್ಟಬಹುದೆಂದು ಅವರು ಒಪ್ಪುತ್ತಾರೆ. ಆದರೆ ನೋಡಿದವನ ವಿಷಯದಲ್ಲಿ, ಅಂದು ಕಂಡವನೂ ಇಂದು ನೆನೆಯುವವನೂ ಒಬ್ಬನೇ ಎಂಬುದರಲ್ಲಿ, ಸಂದೇಹಕ್ಕೆ ಎಡೆಯೇ ಇಲ್ಲವೆನ್ನುತ್ತಾರೆ. ನೆನಪೆಂಬುದು ಸಂಭವಿಸಬೇಕಾದರೆ ಅನುಭವಿಸಿದವನೇ ನೆನೆಯಬೇಕು. ಒಬ್ಬ ಉಂಡದ್ದನ್ನು ಇನ್ನೊಬ್ಬ ನೆನೆಯಲಾರನು.

ಆಚಾರ್ಯರ ಉದ್ದೇಶ ಆತ್ಮವಿಚಾರ. ನಮ್ಮದು ಊರಿನ ವಿಚಾರ. ಆದರೂ ಆ ತರ್ಕದ ಬೆಳಕು ಇಲ್ಲಿಗೂ ಬೀಳುತ್ತದೆ. ಪುನರ್ನಿರ್ಮಿತವಾದ ಗ್ರಾಮದಲ್ಲಿ ಜಂತಿ ಹಳೆಯದಿರಬಹುದು, ಬಾಗಿಲುವಾಡ ಹಳೆಯದಿರಬಹುದು, ಒಂದೊಂದು ಕಲ್ಲೂ ಮೂಲದ್ದೇ ಇರಬಹುದು. ಆದರೆ ಆ ಮನೆಯ ಬಿಸಿಲು ಮಳೆಗಳನ್ನು ಉಂಡವರು ಅಲ್ಲಿಲ್ಲ. ನೋಡುವವರು ಹೊರಗಿನವರು; ತೋರಿಸುವವರೂ ಹೊರಗಿನವರು. ಯಾವ ಗೋಡೆಯ ಬಳಿ ಅಜ್ಜಿ ಒರಗಿಕೊಳ್ಳುತ್ತಿದ್ದಳು, ಯಾವ ಮೂಲೆಯಲ್ಲಿ ಬಾಣಂತಿಗೆ ಬೆಂಕಿ ಹಾಕುತ್ತಿದ್ದರು, ಯಾವ ಕಟ್ಟೆಯ ಮೇಲೆ ಕುಳಿತು ಎರಡು ಮನೆತನಗಳು ಮೂವತ್ತು ವರ್ಷದ ಜಗಳವನ್ನು ಮುಗಿಸಿದವು ಎಂಬುದನ್ನು ಬಲ್ಲವರು ಅಲ್ಲಿ ಯಾರೂ ಇಲ್ಲ. ಹೀಗಾಗಿ ಅದು ಊರನ್ನು ಹೋಲುತ್ತದೆ, ಊರಾಗಿರುವುದಿಲ್ಲ. ಅಲ್ಲಿರುವುದು ಬೌದ್ಧರು ಹೇಳಿದ ಸಾದೃಶ್ಯ. ಪ್ರತ್ಯಭಿಜ್ಞೆಗೆ ಬೇಕಾದ ಪ್ರಮಾತೃ, ಅಂದರೆ ಅರಿಯುವವನು, ಅಲ್ಲಿಂದ ಎದ್ದುಹೋಗಿದ್ದಾನೆ.

ಹಾಗಾದರೆ ಹಳೆಯದು ಹಳೆಯದಾಗಿಯೇ ಮುಂದುವರಿಯುವ ದಾರಿ ಬೇರೊಂದುಂಟೆ? ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರ ಎಂಬ ಊರಿದೆ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದಿರುವ ಅಲ್ಲಿನ ಕೆಂಪು ಬಾಳೆ ನಾಡಿಗೆಲ್ಲ ಪರಿಚಿತ. ಈ ಬಾಳೆಯನ್ನು ಬೀಜದಿಂದ ಬೆಳೆಯುವಂತಿಲ್ಲ. ತಾಯಿಗಿಡದ ಬುಡದಲ್ಲಿ ಮೂಡಿದ ಕಂದನ್ನು ಕಿತ್ತು ನೆಟ್ಟರೆ ಅದು ಗಿಡವಾಗುತ್ತದೆ. ಒಂದು ಗೊನೆ ಕೊಟ್ಟು ತಾಯಿ ಸಾಯುತ್ತದೆ, ಕಂದು ಉಳಿಯುತ್ತದೆ. ಇಂದು ಅಲ್ಲಿ ನಿಂತಿರುವ ಯಾವ ಗಿಡವೂ ಹಳಬರು ಕಂಡ ಗಿಡವಲ್ಲ. ಆದರೆ ಹಳಬರ ಕಾಲದಿಂದ ಇಂದಿನವರೆಗೆ ಆ ಕುಲ ಒಂದು ಸಲವೂ ಹರಿದಿಲ್ಲ. ಸಾಧಾರಣ ತಳಿಗಳಿಗಿಂತ ಹೆಚ್ಚು ಕಾಲವನ್ನೂ ಆರೈಕೆಯನ್ನೂ ಬೇಡುವ ಈ ಬಾಳೆಯನ್ನು ಲಾಭ ನಷ್ಟಗಳ ಲೆಕ್ಕವನ್ನಷ್ಟೇ ನೋಡಿದ್ದರೆ ರೈತರು ಎಂದೋ ಕೈಬಿಡಬಹುದಾಗಿತ್ತು. ನೆಡುವ ಕೈಗಳು ಕಡಮೆಯಾದರೆ ಅದು ಇನ್ನೂ ಹೋಗಬಹುದು. ಅದರ ಮೇಣದ ಪ್ರತಿಮೆಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಬಣ್ಣ ಮಾಸದೆ ನೂರು ವರ್ಷ ನಿಂತೀತು, ಆದರೆ ಅದಕ್ಕೆ ಕಂದು ಒಡೆಯಲಾರದು. ಪ್ರತಿಮೆಯಲ್ಲಿ ಸಾದೃಶ್ಯವಿದೆ, ಸಂತತಿಯಿಲ್ಲ. ಗಿಡದಲ್ಲಿ ಸಂತತಿಯಿದೆ, ಮತ್ತು ಸಂತತಿಯಿರುವಲ್ಲಿ ಸಾದೃಶ್ಯ ಸ್ವಲ್ಪ ಹೆಚ್ಚುಕಡಮೆಯಾದರೂ ಬಾಧಕವಿಲ್ಲ.

ಪರಂಪರೆಯನ್ನು ಕಾಪಾಡುವುದರಲ್ಲಿ ಮುಖ್ಯವಾದುದು ಈ ಸಂತತಿಯೇ ಎಂಬುದು ನಮ್ಮ ಹಿರಿಯರ ಸಿದ್ಧಾಂತವಾಗಿತ್ತೆಂದು ತೋರುತ್ತದೆ. ದೇವಾಲಯ ಜೀರ್ಣವಾದಾಗ ಆಗಮಗಳು ವಿಧಿಸಿದ ಕ್ರಮವನ್ನು ನೋಡಿ. ಮೂಲಬಿಂಬದಲ್ಲಿರುವ ದೈವಸಾನ್ನಿಧ್ಯವನ್ನು ಮೊದಲು ಕಲಶಕ್ಕೆ ಆವಾಹಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು, ಅಲ್ಲಿ ನಿತ್ಯಪೂಜೆಯನ್ನು ತಪ್ಪದೆ ನಡೆಸುತ್ತಾರೆ. ಅನಂತರವೇ ಶಿಲ್ಪಿ ಕಲ್ಲಿಗೆ ಉಳಿಯಿಡುತ್ತಾನೆ. ಕೆಲಸ ಮುಗಿದ ಮೇಲೆ ಸಾನ್ನಿಧ್ಯವನ್ನು ಮರಳಿ ಬಿಂಬಕ್ಕೆ ತರುತ್ತಾರೆ. ಗೋಡೆ ಬದಲಾಗಬಹುದು, ಗೋಪುರ ಬದಲಾಗಬಹುದು, ಪೂಜೆ ಮಾತ್ರ ಕಡಿಯಕೂಡದು. ಜಪಾನಿನ ಈಸೆ ಕ್ಷೇತ್ರದವರು ಇದನ್ನು ಇನ್ನೂ ದೂರಕ್ಕೆ ಒಯ್ದಿದ್ದಾರೆ: ಇಪ್ಪತ್ತು ವರ್ಷಕ್ಕೊಮ್ಮೆ ಮರದ ದೇವಾಲಯವನ್ನು ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟಿ ಹಳೆಯದನ್ನು ಬಿಚ್ಚಿಬಿಡುತ್ತಾರೆ, 2013ರಲ್ಲಿ ನಡೆದದ್ದು ಅರವತ್ತೆರಡನೆಯ ಸಲದ ಕಟ್ಟಡ. ಅಲ್ಲಿ ಹಳೆಯ ಮರವಿಲ್ಲ. ಆದರೆ ಹಳೆಯ ಬಡಗಿವಿದ್ಯೆ ಮುದುಕನ ಕೈಯಿಂದ ತರುಣನ ಕೈಗೆ ಇಪ್ಪತ್ತು ವರ್ಷಕ್ಕೊಮ್ಮೆ ದಾಟುತ್ತಿದೆ. ಫ್ರಾನ್ಸಿನ ಬರ್ಗಂಡಿ ಪ್ರಾಂತದ ಗೆಡೆಲೋನಿನಲ್ಲಿ 1997ರಿಂದ ಹದಿಮೂರನೆಯ ಶತಮಾನದ ಉಪಕರಣಗಳಿಂದಲೇ ಒಂದು ಕೋಟೆಯನ್ನು ಕಟ್ಟುತ್ತಿರುವವರಿಗೂ ಈ ತತ್ತ್ವದ ಅರಿವು ಇದ್ದಂತಿದೆ. ಕಟ್ಟಿ ಮುಗಿದ ಕೋಟೆಗಿಂತಲೂ ಕಟ್ಟುವುದನ್ನು ಕಲಿತ ಕಲ್ಲುಕುಟಿಗರೇ ಅಲ್ಲಿನ ನಿಜವಾದ ಫಲ.

ವೇದವಾಙ್ಮಯದಲ್ಲಿ ಮನುಷ್ಯನು ಮೂರು ಋಣಗಳೊಡನೆ ಹುಟ್ಟುತ್ತಾನೆಂಬ ಮಾತುಂಟಷ್ಟೆ. ಋಷಿಗಳ ಋಣ ಅಧ್ಯಯನದಿಂದ, ದೇವತೆಗಳ ಋಣ ಯಜ್ಞದಿಂದ, ಪಿತೃಗಳ ಋಣ ಪ್ರಜೆಯಿಂದ ತೀರತಕ್ಕದ್ದು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಈ ಮೂರರಲ್ಲಿ ಒಂದಾದರೂ ಪ್ರದರ್ಶನದಿಂದ ತೀರುವುದಿಲ್ಲ. ಋಷಿಯ ಗ್ರಂಥವನ್ನು ಪಟ್ಟೆವಸ್ತ್ರದಲ್ಲಿ ಸುತ್ತಿ ಮಂಟಪದಲ್ಲಿಟ್ಟರೆ ಋಣ ತೀರದು, ಓದಬೇಕು, ಓದಿಸಬೇಕು. ಚಿತ್ತಾಪುರದ ಬಳಿಯ ನಾಗಾವಿ ಹನ್ನೊಂದನೆಯ ಶತಮಾನದಲ್ಲಿ ಘಟಿಕಾಸ್ಥಾನವಾಗಿ ಮೆರೆದ ಊರು; ವಿದ್ಯಾರ್ಥಿಗಳ ಊಟ ವಸತಿಗಳಿಗೂ ಗ್ರಂಥಭಂಡಾರಕ್ಕೂ ಆಗ ದತ್ತಿ ಬಿಟ್ಟಿದ್ದರೆಂದು ಶಾಸನಗಳು ಹೇಳುತ್ತವೆ. ಅಲ್ಲಿ ಇಂದು ಕಂಬಗಳು ಉಳಿದಿವೆ, ಪಾಠ ಉಳಿದಿಲ್ಲ. ಆ ಕಂಬಗಳಿಗೆ ನಾವು ಎಷ್ಟು ಸುಣ್ಣ ಬಳಿದರೂ, ಎಷ್ಟು ಬೇಲಿ ಹಾಕಿದರೂ, ಸುತ್ತಣ ಹಳ್ಳಿಯ ಮಕ್ಕಳಿಗೆ ಅಕ್ಷರ ಹತ್ತದಿದ್ದರೆ ನಾಗಾವಿಯ ಋಣ ಬಾಕಿಯೇ ಉಳಿಯಿತೆಂದು ಲೆಕ್ಕ.

ಇನ್ನು ಸತ್ಯದ ಪ್ರಶ್ನೆ. ಪುನರ್ನಿರ್ಮಿತ ಗ್ರಾಮ ನೋಡಲು ಚೆಲುವಾಗಿರುತ್ತದೆ. ಅದೇ ಅದರ ದೋಷ. ಬಹಮನಿ ಕಾಲದ ಒಂದು ಹಳ್ಳಿಯನ್ನು ಕಲಬುರಗಿಯ ಹೊರವಲಯದಲ್ಲಿ ಕಟ್ಟುತ್ತೇವೆಂದು ಯಾರಾದರೂ ಹೊರಟರೆಂದು ಭಾವಿಸೋಣ. ಮಾಳಿಗೆಯ ಮನೆ, ಹಗೇವು, ಕಣ, ಕುಲುಮೆ, ಮಗ್ಗ ಎಲ್ಲವನ್ನೂ ಅವರು ನಿರ್ದೋಷವಾಗಿ ನಿಲ್ಲಿಸಬಲ್ಲರು. ಆದರೆ 1396ರಲ್ಲಿ ತೊಡಗಿ ಹನ್ನೆರಡು ವರ್ಷ ದಖ್ಖನನ್ನು ಸುಟ್ಟಿತೆಂದು ಪರಂಪರೆ ನೆನೆಯುವ ದುರ್ಗಾದೇವಿ ಬರಗಾಲವನ್ನು ಎಲ್ಲಿ ನಿಲ್ಲಿಸುತ್ತಾರೆ? ಬರಿದಾದ ಹಗೇವನ್ನು ತೋರಿಸಿ ಟಿಕೇಟಿನ ಹಣ ಕೇಳುವ ಧೈರ್ಯ ಯಾವ ಸಂಸ್ಥೆಗಿದೆ? ಊರಾಚೆಯ ಕೇರಿಯನ್ನು ಊರಾಚೆಗೇ ಕಟ್ಟಿ, ಅಲ್ಲಿಯವರು ಮುಟ್ಟಕೂಡದ ಬಾವಿಯನ್ನು ಊರೊಳಗೆ ತೋಡಿ, ಆ ಕಾಲ ಹಾಗಿತ್ತೆಂದು ಮುಚ್ಚುಮರೆಯಿಲ್ಲದೆ ಬರೆದಿಡುವರೆ? ಅದನ್ನು ಬಿಟ್ಟು ಕಟ್ಟಿದರೆ ಅದು ಸುಳ್ಳು. ಇಟ್ಟು ಕಟ್ಟಿ ಮಕ್ಕಳ ವಿಹಾರಸ್ಥಳವನ್ನಾಗಿಸಿದರೆ ಅದು ಕ್ರೌರ್ಯ. ಗತಕಾಲದ ಮನುಷ್ಯರು ತಮ್ಮ ಮನೆಗಳನ್ನು ಬಿಟ್ಟು ಹೋದಂತೆಯೇ ತಮ್ಮ ದುಃಖಗಳನ್ನೂ ಬಿಟ್ಟು ಹೋಗಿದ್ದಾರೆ. ಮನೆಯನ್ನು ಮಾತ್ರ ಆಯ್ದುಕೊಂಡು ದುಃಖವನ್ನು ಹಿಂದೆ ಬಿಡುವವನು ಆ ಮನೆತನದ ವಾರಸುದಾರನೆನಿಸಲಾರನು.

ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿ ಸ್ಥಾವರಕ್ಕೂ ಜಂಗಮಕ್ಕೂ ನಡುವೆ ಎಳೆದ ಗೆರೆ ಕನ್ನಡಿಗರಿಗೆಲ್ಲ ಪರಿಚಿತವಾದುದು. ಆ ಗೆರೆಯನ್ನೇ ಮತ್ತೆ ಎಳೆದು ತೀರ್ಪು ಹೇಳಿಬಿಡುವುದು ಸುಲಭ. ಜಂಗಮ ಮಠವೊಂದು ಸಂಚಾರವನ್ನು ಬಿಟ್ಟು ವಸ್ತುಸಂಗ್ರಹಾಲಯದಲ್ಲಿ ನೆಲೆ ನಿಂತದ್ದನ್ನು ಕಂಡು ನಗುವುದೂ ಸುಲಭ. ಆದರೆ ವಿಚಾರ ಅಷ್ಟಕ್ಕೆ ಮುಗಿಯುವುದಿಲ್ಲ. ಶರಣರ ವಚನಗಳು ನಮ್ಮವರೆಗೆ ಬಂದದ್ದಾದರೂ ಹೇಗೆ? ತಾಳೆಗರಿಯ ಕಟ್ಟುಗಳಲ್ಲಿ, ಮಠಗಳ ಗವಿಯಂಥ ಕೋಣೆಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಅವು ಬಹುಕಾಲ ಸ್ಥಾವರವಾಗಿಯೇ ಬಿದ್ದಿದ್ದವು, ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚುಮಾಡಿದ ಮೇಲೆ ಅವಕ್ಕೆ ಮತ್ತೆ ಕಾಲು ಬಂದಿತು. ಗರಿಯನ್ನು ಕಾದವನಿಗೆ ಓದು ಬರುತ್ತಿತ್ತೋ ಇಲ್ಲವೋ. ಅವನು ಕಾಯದಿದ್ದರೆ ಮಾತ್ರ ಹಳಕಟ್ಟಿಯವರ ಕೈಗೆ ಏನೂ ಸಿಕ್ಕುತ್ತಿರಲಿಲ್ಲ. ಆದ್ದರಿಂದ ಸ್ಥಾವರಕ್ಕೂ ಒಂದು ಸ್ಥಾನವುಂಟು: ಜಂಗಮ ಮರಳಿ ಬರುವವರೆಗೆ ಕಾದಿರುವುದು ಅದರ ಕರ್ತವ್ಯ. ಆ ಕಾಯುವಿಕೆಯೇ ಗುರಿಯೆಂದು ಬಗೆದಾಗ ಅದು ಪ್ರಮಾದವಾಗುತ್ತದೆ.

ಈ ಮಾತು ಬಸವಕಲ್ಯಾಣಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಅಲ್ಲಿ ನೂತನ ಅನುಭವ ಮಂಟಪವೊಂದರ ನಿರ್ಮಾಣಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿತು. ಕೋಟಿಗಟ್ಟಲೆ ರೂಪಾಯಿಗಳ, ಭವ್ಯವಾದ ಯೋಜನೆ ಅದು. ಹನ್ನೆರಡನೆಯ ಶತಮಾನದ ಮಂಟಪ ಎಂಥ ಕಂಬಗಳಿಂದ ಕೂಡಿತ್ತೆಂಬುದು ವಿದ್ವಾಂಸರ ಚರ್ಚೆಗೆ ಬಿಟ್ಟದ್ದು. ಅಲ್ಲಿ ಮಡಿವಾಳನೂ ಅಂಬಿಗನೂ ಮಂತ್ರಿಯೂ ಸಮಸಮನಾಗಿ ಕುಳಿತು ಒಬ್ಬರನ್ನೊಬ್ಬರು ಪ್ರಶ್ನಿಸಿದರೆಂಬುದು ಪರಂಪರೆಯ ಏಕಕಂಠದ ಸಾಕ್ಷ್ಯ. ಹೊಸ ಮಂಟಪದಲ್ಲಿ ಅಂಥ ಪ್ರಶ್ನೆ ಕೇಳುವವನಿಗೆ ಪೀಠ ಸಿಕ್ಕಿದರೆ ಅದು ಹಳೆಯದರ ಸಂತತಿ. ಸಿಕ್ಕದಿದ್ದರೆ ಸಾದೃಶ್ಯವೂ ಅಲ್ಲ. ಇದಕ್ಕೆ ಪ್ರತಿಯಾಗಿ ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನವನ್ನು ನೋಡಬಹುದು. 1822ರಲ್ಲಿ ಲಿಂಗೈಕ್ಯರಾದ ಶರಣಬಸಪ್ಪನವರು ಬೇಸಾಯಗಾರರು. ಬಂದವರಿಗೆ ಅನ್ನವಿಕ್ಕುವ ದಾಸೋಹವೇ ಅವರ ಧರ್ಮವಾಗಿತ್ತು. ಇಂದು ಅಲ್ಲಿನ ಪಾತ್ರೆಗಳು ಹೊಸವು, ಒಲೆ ಹೊಸದು, ಅಡುಗೆಯವರು ಹೊಸಬರು, ದಾಸೋಹ ಹಳೆಯದೇ. ಹಾಗೆಯೇ ಖ್ವಾಜಾ ಬಂದೇನವಾಜರ ದರ್ಗಾದಲ್ಲಿ, ಅವರು 1422ರಲ್ಲಿ ಕಾಲವಾದಂದಿನಿಂದ ಎಷ್ಟು ಬಣ್ಣಗಳು, ಎಷ್ಟು ಗಿಲಾವುಗಳು, ಎಷ್ಟು ಹೊಸ ಕಟ್ಟಡಗಳು ಬಂದವೋ! ಪುರಾತತ್ತ್ವಜ್ಞನ ಕಣ್ಣಿಗೆ ಅದೆಲ್ಲ ಮೂಲಕ್ಕೆ ಹಚ್ಚಿದ ಮುಸುಕು. ಆದರೆ ವರ್ಷವರ್ಷವೂ ಉರುಸಿಗೆ ಗಂಧ ಹೊತ್ತು ನಡೆಯುವ ಜನಸಾಗರಕ್ಕೆ ಆರು ಶತಮಾನಗಳ ದೂರವೇ ಗೋಚರವಾಗುವುದಿಲ್ಲ.

ಉಪಯೋಗವೇ ಸಂರಕ್ಷಣೆಯಾದ ಒಂದು ಪ್ರಸಂಗ ಇದೇ ಜಿಲ್ಲೆಯಲ್ಲಿ ನಡೆದಿದೆ. ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ಕ್ಷೇತ್ರದ ಕಾಳಿಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಅದನ್ನು ಸರಿಪಡಿಸಲು ಹೋದಾಗ, ದೇವಿಯ ಮೂರ್ತಿಯನ್ನು ಹೊತ್ತಿದ್ದ ಪೀಠದ ಕಲ್ಲು ಅಶೋಕನ ಶಾಸನವೆಂಬುದು ಬೆಳಕಿಗೆ ಬಂದಿತು. ಮೂರ್ತಿಯನ್ನು ನೆಲೆಗೊಳಿಸಲು ಯಾರೋ ಆ ಹಲಗೆಗೆ ನಡುವೆ ರಂಧ್ರ ಕೊರೆದಿದ್ದರು; ಹಲವು ಅಕ್ಷರಗಳು ಅದರಲ್ಲಿ ಹೋದವು. ಆದರೆ ಪೀಠವಾಗಿ ಪೂಜೆಗೆ ಒದಗಿದ್ದರಿಂದಲೇ ಉಳಿದ ಅಕ್ಷರಗಳು ಬಿಸಿಲು ಮಳೆಗಳಿಂದಲೂ ಕಲ್ಲೊಡೆಯುವವರಿಂದಲೂ ಪಾರಾಗಿ ಬಂದವು. ಆ ಹಲಗೆಯ ಮೇಲಿದ್ದ ಶಾಸನಗಳಲ್ಲಿ ಹನ್ನೆರಡನೆಯದೂ ಒಂದು: ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ಹಳಿಯಬೇಡ, ಎಲ್ಲ ಪಂಥಗಳ ಸಾರವೂ ಬೆಳೆಯಲಿ ಎಂದು ಚಕ್ರವರ್ತಿ ಪ್ರಜೆಗಳಿಗೆ ಬುದ್ಧಿ ಹೇಳಿದ ಶಾಸನ. ಆ ಲಿಪಿಯನ್ನು ಓದಲಾರದ ಜನ, ಅರಿಯದೆಯೇ, ಆ ಮಾತಿನ ಮೇಲೆ ಬೇರೊಂದು ಪಂಥದ ದೇವಿಯನ್ನು ಕುಳ್ಳಿರಿಸಿ ಶತಮಾನಗಳ ಕಾಲ ಕೈಮುಗಿದರು. ಶಾಸನಕ್ಕೆ ಇದಕ್ಕಿಂತ ಯೋಗ್ಯವಾದ ಕಾವಲು ದೊರೆಯುವುದು ಕಷ್ಟ.

ಹಾಗೆಂದು ಬಳಕೆಯೆಲ್ಲ ರಕ್ಷಣೆಯೇ ಎಂದು ವಾದಿಸುವುದು ಸರಿಯಲ್ಲ. ಸನ್ನತಿಯ ಕಲ್ಲಿಗೆ ಬಿದ್ದ ರಂಧ್ರವೇ ಅದಕ್ಕೆ ಸಾಕ್ಷಿ. ಕೋಟೆಯ ಕಲ್ಲು ಕಿತ್ತು ಮನೆಗೆ ಮೆಟ್ಟಿಲು ಮಾಡುವವರುಂಟು. ಕಂದಕಕ್ಕೆ ಕಸ ಸುರಿಯುವವರುಂಟು. ಬುರುಜಿನ ಬುಡಕ್ಕೆ ಬಚ್ಚಲ ನೀರು ಹರಿಸುವವರುಂಟು. ರಾಜಸ್ಥಾನದ ಜೈಸಲ್ಮೇರ್ ಕೋಟೆ, ತನ್ನೊಳಗೆ ಸಾವಿರಾರು ಜನರನ್ನು ಇಟ್ಟುಕೊಂಡೇ 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತಾದರೂ, ಮನೆಗಳಿಂದ ಇಂಗುವ ನೀರು ಅದರ ಬುಡವನ್ನು ಸಡಿಲಿಸುತ್ತಿರುವುದು ತಜ್ಞರ ನಿತ್ಯದ ಚಿಂತೆಯಾಗಿದೆ. 1958ರ ಸ್ಮಾರಕ ಸಂರಕ್ಷಣಾ ಕಾಯಿದೆಯೂ, ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯವೆಂದು ಗೆರೆ ಎಳೆದ 2010ರ ತಿದ್ದುಪಡಿಯೂ ಕಾರಣವಿಲ್ಲದೆ ಹುಟ್ಟಿದವಲ್ಲ. ಕಲ್ಲಿಗೆ ಬಾಯಿಲ್ಲ, ಅದರ ಪರವಾಗಿ ಯಾರಾದರೂ ಮಾತನಾಡಲೇಬೇಕು. ಇನ್ನೂ ಹುಟ್ಟದ ಮಕ್ಕಳಿಗೂ ಜಾಮಾ ಮಸೀದಿಯ ಕಮಾನುಗಳ ಮೇಲೆ ಹಕ್ಕುಂಟು, ಮತ್ತು ಅವರೂ ಸಂತತಿಯೇ.

ಆದರೆ ಕಲ್ಲಿನ ಪರವಾಗಿ ಮಾತನಾಡುವವನು ಮನುಷ್ಯನನ್ನು ಕಸವೆಂದು ಭಾವಿಸಿದಾಗ ಧರ್ಮಚ್ಯುತಿಯಾಗುತ್ತದೆ. 1986ರಲ್ಲಿ ವಿಶ್ವ ಪರಂಪರೆಯ ತಾಣವಾದ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಮಂಟಪಗಳ ಸಾಲಿನಲ್ಲೇ ಸಂಸಾರ ಹೂಡಿದ್ದ ಜನರನ್ನು 2011ರ ಜುಲೈ ತಿಂಗಳಿನಲ್ಲಿ ಎಬ್ಬಿಸಿ, ಅವರು ಕಟ್ಟಿಕೊಂಡಿದ್ದುದನ್ನು ಕೆಡವಲಾಯಿತು. ಅದೊಂದು ಬಜಾರು, ವಿಜಯನಗರದ ಅರಸರು ಕಟ್ಟಿಸಿದ್ದು ಕೊಡುಕೊಳ್ಳುವ ಗದ್ದಲಕ್ಕಾಗಿಯೇ. ಈಗ ಅಲ್ಲಿ ಕಂಬಗಳು ಚೊಕ್ಕಟವಾಗಿ ಕಾಣುತ್ತವೆ, ಬಜಾರು ಕಾಣುವುದಿಲ್ಲ. ವಿಜಯನಗರದ ಕಾಲಕ್ಕೆ ಹತ್ತಿರವಾದುದು ಯಾವುದು, ಹೂವು ಕಾಯಿ ಮಾರುವವಳ ಕೂಗೋ, ಈ ನಿಃಶಬ್ದವೋ?

ಸತ್ತವರಿಗೆ ನಾವು ಶ್ರಾದ್ಧ ಮಾಡುತ್ತೇವೆ. ಅದು ಪವಿತ್ರವಾದ ಕರ್ಮ. ಅದರಲ್ಲಿ ಕೃತಜ್ಞತೆಯಿದೆ, ಸ್ಮರಣೆಯಿದೆ, ಹೋದವರು ಹೋದರೆಂಬ ಪ್ರಾಮಾಣಿಕವಾದ ಒಪ್ಪಿಗೆಯೂ ಇದೆ. ಬಯಲು ವಸ್ತುಸಂಗ್ರಹಾಲಯ ಒಂದು ಜನಾಂಗ ತನ್ನ ತೀರಿಹೋದ ಬಾಳಿಗೆ ಸಲ್ಲಿಸುವ ಶ್ರಾದ್ಧ. ಮಣಿಪಾಲದ ಮನೆಗಳು ಅಂಥವು: ಅವುಗಳ ಒಕ್ಕಲು ಚದುರಿಹೋಗಿತ್ತು, ಅವುಗಳ ಕಾಲ ಮುಗಿದಿತ್ತು, ಕೊನೆಯ ಗೌರವವನ್ನು ಒಬ್ಬ ಪುಣ್ಯವಂತ ಸಲ್ಲಿಸಿದ. ಅದರಲ್ಲಿ ಕೊರತೆಯಿಲ್ಲ. ಆದರೆ ಬದುಕಿ ಬಾಳುತ್ತಿರುವವರಿಗೆ ಶ್ರಾದ್ಧ ಮಾಡುವುದು ಸಲ್ಲದು. ಇಳಕಲ್ಲಿನಲ್ಲಿ ಮಗ್ಗ ಇನ್ನೂ ಆಡುತ್ತಿರುವಾಗ, ಆ ನೇಕಾರನಿಗೆ ನೂಲಿನ ಸಾಲ ಸಿಗದಂತೆ ಮಾಡಿ, ಅವನ ಮಗ್ಗವನ್ನು ಮಾತ್ರ ಪ್ರದರ್ಶನಕ್ಕೆ ಕೊಂಡರೆ ಅದು ಜೀವಂತನಿಗೆ ಇಟ್ಟ ಪಿಂಡ. ಒಂದು ಊರು ಇನ್ನೂ ಉಸಿರಾಡುತ್ತಿರುವಾಗ ಅದನ್ನು ಖಾಲಿ ಮಾಡಿಸಿ, ಅದರ ಜಾಗದಲ್ಲಿ ಹಿಂದೊಂದು ಊರಿತ್ತೆಂದು ಫಲಕ ನೆಡುವುದೂ ಅದೇ ಜಾತಿಯ ಕರ್ಮ.

ಕಲಬುರಗಿಯ ಕೋಟೆಗೆ ಈ ವಿವೇಚನೆಯಿಂದ ಏನು ದಾರಿ ಹೊರಡುತ್ತದೆ? ಗೋಡೆ, ಕಂದಕ, ಬುರುಜು, ಮಸೀದಿಗಳಿಗೆ ಒಂದು ಕೂದಲಿನಷ್ಟೂ ಅಪಾಯ ತಟ್ಟದಂತೆ ಕಾಯುವುದು ಕರ್ತವ್ಯ. ಅದಕ್ಕಾಗಿ ಮನೆಗಳು ಸರಿಯಲೇಬೇಕೆಂದು ನ್ಯಾಯ ತೀರ್ಮಾನಿಸಿದರೆ ಸರಿಯಬೇಕು. ಆದರೆ ಸರಿಯುವವರು ಅಪರಾಧಿಗಳಂತೆ ಸರಿಯಕೂಡದು. ಕೆಲಸಕ್ಕೂ ಶಾಲೆಗೂ ಎಟುಕುವಷ್ಟು ಹತ್ತಿರದಲ್ಲಿ, ಅವರ ಸೂರು ಸಿದ್ಧವಾದ ಮೇಲೆಯೇ, ಹಳೆಯ ಸೂರಿಗೆ ಕೈ ಹಚ್ಚಬೇಕು. ಆಗಮವು ದೇವರಿಗೆ ವಿಧಿಸಿದ ಬಾಲಾಲಯದ ನಿಯಮ ಮನುಷ್ಯನಿಗೆ ಮಾತ್ರ ಯಾಕೆ ಬೇಡ? ಕೋಟೆಯ ಮೂಲೆ ಮೂಲೆಯ ಹೆಸರುಗಳನ್ನು ಬಲ್ಲ ಅಲ್ಲಿಯ ಹಿರಿಯರ ನೆನಪುಗಳನ್ನು ಕಾಲ ಮೀರುವ ಮುನ್ನ ಬರೆದಿಡಬೇಕು. ಕಾವಲು, ಮಾರ್ಗದರ್ಶನ, ದುರಸ್ತಿಗಳ ಕೆಲಸದಲ್ಲಿ ಮೊದಲ ಹಕ್ಕು ಅವರ ಮಕ್ಕಳಿಗೆ ಸಲ್ಲಬೇಕು. ಹಾಗಾದಾಗ ಕೋಟೆಯ ದೇಹಕ್ಕೂ ಅದನ್ನು ಅರಿತ ಪ್ರಮಾತೃವಿಗೂ ಸಂಬಂಧ ಕಡಿಯುವುದಿಲ್ಲ. ಮಧ್ಯಯುಗದ ಮಾದರಿ ಗ್ರಾಮವೊಂದು ಬೇಕೇ ಬೇಕೆನ್ನುವವರು ಅದನ್ನು ಬೇರೆ ಬಯಲಿನಲ್ಲಿ ಕಟ್ಟಲಿ, ಬರಿದಾದ ಹಗೇವನ್ನೂ ಊರಾಚೆಯ ಕೇರಿಯನ್ನೂ ಬಿಡದೆ ಕಟ್ಟಲಿ. ಅದಕ್ಕೆ ನಮ್ಮ ತಕರಾರಿಲ್ಲ. ಪೂರ್ವಿಕರ ಋಣವನ್ನು ತೀರಿಸುವ ಕೆಲಸಕ್ಕೆ ಮಾತ್ರ ಅಂಥ ಗ್ರಾಮ ಬದಲಿಯಾಗದು. ಆ ಋಣ ತೀರುವುದು ಇಂದು ಬದುಕಿರುವವರ ಕೈಯಲ್ಲಿ, ಮತ್ತು ಅವರನ್ನು ನಾವು ನಡೆಸಿಕೊಳ್ಳುವ ರೀತಿಯಲ್ಲಿ.